ಒಂದು ಸೆಟ್ಟು, ಎರಡು ಹಾಳೆ

ಹಾಸನದ ಜೆರಾಕ್ಸ್ ಅಂಗಡಿಯಲ್ಲಿ ಬ್ಯಾಂಕ್ ಪರೀಕ್ಷೆಯ ಇಂಗ್ಲಿಷ್ ಮಾದರಿ ಪತ್ರಿಕೆ ಒಂದೇ ಸೆಟ್ಟು ಉಳಿದಿತ್ತು. ಅದಕ್ಕೆ ಕೈಹಾಕಿದವರು ಇಬ್ಬರು, ಅರಕಲಗೂಡಿನ ದೀಪಶ್ರೀ ಮತ್ತು ಹಿರೀಸಾವೆಯ ಭೀಮ. ಭೀಮ ಪಿನ್ನು ಕಿತ್ತು, ಓದಿ ಉತ್ತರಿಸಬೇಕಾದ ಪ್ಯಾಸೇಜಿನ ಹಾಳೆಯನ್ನು ಅವಳ ಕೈಗಿತ್ತು, ಪ್ರಶ್ನೆಯ ಹಾಳೆಯನ್ನು ತಾನಿಟ್ಟುಕೊಂಡ.

"ಅರ್ಧ ಇಟ್ಕೊಂಡು ನಾನೇನ್ರೀ ಮಾಡ್ಲಿ?"

"ನಾನು ಮೊದ್ಲು ಪ್ರಶ್ನೆ ನೋಡೋನು. ನೀವು?"

"ನಾನು ಮೊದ್ಲಿಂದ ಕೊನೆಗಂಟ ಓದ್ಬೇಕು."

"ಸರೋಯ್ತು ಬುಡಿ. ಆಮೇಲೆ ಬದ್ಲಾಯಿಸ್ಕಳಾಣ."

ಅಂದಿನಿಂದ ಲೈಬ್ರರಿಯ ಕಿಟಕಿ ಪಕ್ಕದ ಮೇಜು ಅವರದಾಯಿತು, ಇಬ್ಬರಿಗೂ ಒಂದೇ ಸೆಟ್ಟು ರೂಢಿಯಾಯಿತು. ಹಾಳೆ ಬದಲಿಸುವಾಗ ಮಾತ್ರ ಅವನು ತಲೆಯೆತ್ತಿ, ಕಣ್ಣಂಚಿನಲ್ಲೇ ನಕ್ಕು, ಮತ್ತೆ ತಲೆ ತಗ್ಗಿಸುತ್ತಿದ್ದ. ಪಿಜಿಯಲ್ಲಿ ಊಟ ಆಯಿತಾ ಎಂದು ಕೇಳುವವರೂ ಇಲ್ಲದ ದೀಪಶ್ರೀ ಆ ನೋಟಕ್ಕಾಗಿ ಬೆಳಗಿನಿಂದ ಕಾಯುತ್ತಿದ್ದಳು.

"ಪ್ರಶ್ನೆ ನೋಡ್ದಲೇ ಓದುದ್ರೆ ಏನ ಉಡುಕ್ತೀರ? ಅದ್ಕೇ ನಿಮ್ಗೆ ಟೈಮ್ ಸಾಲ್ದು ಕಣ್ರೀ."

"ಪೂರ್ತಿ ತಿಳ್ಕೊಳ್ದೆ ಏನ್ ಕೇಳೋದು?"

ಮನುಷ್ಯರ ವಿಷಯದಲ್ಲೂ ಅವಳದು ಅದೇ ಹಠ. ತನ್ನನ್ನು ಕಂಡರೆ ಅವನಿಗೆ ಇಷ್ಟವೇ ಎಂಬ ಮಾತು ನಾಲಗೆ ತುದಿಗೆ ಬಂದರೂ, ಇನ್ನಷ್ಟು ತಿಳಿಯಲಿ ಎಂದು ನುಂಗಿಕೊಳ್ಳುತ್ತಿದ್ದಳು.

ಪರೀಕ್ಷೆ ಮುಗಿದು ಫಲಿತಾಂಶ ಬಂತು. ಭೀಮ ಪಾಸು, ಅವಳು ಇಂಗ್ಲಿಷಿನಲ್ಲಿ ಸಮಯ ಸಾಲದೆ ಫೇಲು. ಅವನು ಲೈಬ್ರರಿಗೆ ಬರುವುದು ನಿಂತಿತು. ದೀಪಶ್ರೀ ಪ್ರಶ್ನೆಯ ಹಾಳೆಯನ್ನು ಖಾಲಿ ಕುರ್ಚಿಯ ಎದುರಿಗಿಟ್ಟು ಮುಂದಿನ ಪರೀಕ್ಷೆಗೆ ಓದಲು ಕೂರುತ್ತಿದ್ದಳು. ಪ್ಯಾಸೇಜು ಮುಗಿಯುತ್ತಿತ್ತು, ಹಾಳೆ ಬದಲಿಸಿಕೊಳ್ಳುವವರು ಇರಲಿಲ್ಲ. ಎಂಥ ಒಂಟಿ ಬಾಳಪ್ಪಾ ಎಂದು ಅಳುವೇ ಬರುತ್ತಿತ್ತು.

ಒಂದು ದಿನ ಭೀಮ ಬ್ಯಾಗು ಹೆಗಲಿಗೇರಿಸಿಕೊಂಡೇ ಬಂದ.

"ರಾಯಚೂರು ಬ್ರಾಂಚಿಗೆ ಆಕವ್ರೆ. ಈಗ್ಲೇ ಬಸ್ಸು. ಏಳ್ಬುಟ್ಟು ಓಗಾಣ ಅಂತ ಬಂದೆ." ಅವನು ಬಾಗಿಲ ಕಡೆ ತಿರುಗಿದ. "ಬತ್ತೀನಿ."

ಈಗ ಬಿಟ್ಟರೆ ಇಲ್ಲ ಎನಿಸಿ ಅವಳು ಕುರ್ಚಿಯಿಂದ ಎದ್ದೇಬಿಟ್ಟಳು.

"ಭೀಮಾ, ನಾನಂದ್ರೆ ನಿಮ್ಗೆ ಇಷ್ಟಾನಾ?"

ಪೇಪರು ಓದುತ್ತಿದ್ದ ಹಿರಿಯರೆಲ್ಲ ಕನ್ನಡಕ ಸರಿಮಾಡಿಕೊಂಡು ಇತ್ತ ನೋಡಿದರು. ಭೀಮ ಕಿವಿವರೆಗೂ ಕೆಂಪಾದ.

"ಪೂರ್ತಿ ತಿಳ್ಕೊಂಡ್ರಾ?"

"ಇಲ್ಲ. ಟೈಮಿಲ್ಲ, ಹೇಳಿ."

ಅವನು ಮೇಜಿನ ಮೇಲಿದ್ದ ಪ್ರಶ್ನೆಯ ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡ.

"ಇಷ್ಟ ಇಲ್ದಲೇ ಅವತ್ತು ಪಿನ್ನು ಕೀಳ್ತಿದ್ನಾ? ಪಕ್ಕದ ಅಂಗ್ಡೀಲಿ ಅದೇ ಸೆಟ್ಟು ರಾಶಿ ಬಿದ್ದಿತ್ತು ಕಣ್ರೀ. ನೀವು ಪಾಸಾದ್ಮೇಲೆ ಬತ್ತೀನಿ, ಎರ್ಡೂ ಹಾಳೆ ಸೇರ್ಸಾಣ."

ಅವನು ಹೋದ. ಎದುರಿನ ಕುರ್ಚಿ ಮತ್ತೆ ಖಾಲಿಯಾಯಿತು. ದೀಪಶ್ರೀ ಅಳುತ್ತಲೇ ನಕ್ಕಳು. ಆಮೇಲೆ ಕಣ್ಣೊರೆಸಿಕೊಂಡು ಅವನು ಹೇಳಿದ ಆ ಪಕ್ಕದ ಅಂಗಡಿಗೆ ಹೋಗಿ ತನಗೆಂದೇ ಇನ್ನೊಂದು ಸೆಟ್ಟು ಕೊಂಡು ತಂದಳು, ಮೊದಲು ಪ್ರಶ್ನೆಗಳನ್ನು ಓದಿದಳು.