ಶ್! ಚೂಟಿ ಮಲಗಿದ್ದಾಳೆ

"ಗೋಲ್!"

ಕೂಗು ಕಿವಿಗೆ ಬಿದ್ದ ಮೇಲೆ ಚೂಟಿ ಕಣ್ಣು ಬಿಟ್ಟಳು. ಚೆಂಡು ಆಗಲೇ ಅವಳ ಬೆನ್ನ ಹಿಂದೆ ಬಲೆಯೊಳಗೆ ಬಿದ್ದಿತ್ತು. ಯಾವ ಕಡೆಯಿಂದ ಬಂತು, ಯಾರು ಒದ್ದರು, ಒಂದೂ ಗೊತ್ತಿಲ್ಲ. ಅವಳು ಕಣ್ಣು ಮುಚ್ಚಿದ್ದು ಒಂದೇ ಒಂದು ಗಳಿಗೆ. ಆ ಗಳಿಗೆಗಾಗಿಯೇ ಚೆಂಡು ಹೊಂಚು ಹಾಕಿತ್ತೋ ಏನೋ!

ಪಿಟಿ ಸರ್ ವಿಷಲ್ ಊದಿ ಹತ್ತಿರ ಬಂದರು. "ಏನಮ್ಮಾ ಗೋಲ್‌ಕೀಪರ್, ಕುದುರೆ ಥರ ನಿಂತ್ಕೊಂಡೇ ನಿದ್ದೆನಾ?"

"ನಾನು ಮಲಗಿರ್ಲಿಲ್ಲ ಸರ್."

"ಹೌದಾ? ಹಾಗಾದ್ರೆ ಚೆಂಡು ಒದ್ದಿದ್ದು ಯಾರು ಹೇಳು."

ಚೂಟಿ ಸುತ್ತ ನೋಡಿದಳು. ಎಲ್ಲರೂ ಹಲ್ಲು ಕಿರಿಯುತ್ತಿದ್ದರು. ಆ ಹಲ್ಲುಗಳಲ್ಲಿ ಒದ್ದವರ ಹಲ್ಲು ಯಾವುದು ಅಂತ ಹೇಗೆ ಹೇಳುವುದು?

"ರಾತ್ರಿಯೆಲ್ಲಾ ಮೊಬೈಲ್ ನೋಡ್ತೀಯ ಅಲ್ವಾ?" ಅಂದರು ಸರ್.

"ನನ್ನ ಹತ್ರ ಮೊಬೈಲೇ ಇಲ್ಲ ಸರ್!"

"ಅಮ್ಮಂದು ಇರತ್ತಲ್ಲ. ನಂಗೇ ಕತೆ ಹೇಳ್ಬೇಡ. ಈ ಶುಕ್ರವಾರ ಟೀಮ್ ಆರಿಸ್ತೀನಿ. ಅಷ್ಟರಲ್ಲಿ ಎಚ್ಚರ ಆದ್ರೆ ಗೋಲಿಗೆ ನೀನು. ಇಲ್ದಿದ್ರೆ ಪೆನ್ಸಿಲ್."

ಚೂಟಿಗೆ ಮೈಯೆಲ್ಲ ಉರಿದುಹೋಯಿತು. ಗೋಲು ಬಿಟ್ಟಿದ್ದು ನಿಜ, ಅದಕ್ಕೆ ಬೈದರೆ ಬೈಯಲಿ. ಆದರೆ ಮುಟ್ಟದೇ ಇರುವ ಮೊಬೈಲಿಗೆ ಯಾಕೆ ಬೈಸಿಕೊಳ್ಳಬೇಕು?

ಪೆನ್ಸಿಲ್ ಅಂದರೆ ಅವಳ ಗೆಳತಿ. ಸಣ್ಣಗೆ, ಉದ್ದಕ್ಕೆ ಇದ್ದಾಳೆ ಅಂತ ಆ ಹೆಸರು. ಪಾಪ, ಅವಳು ಓಡಿ ಬಂದು, "ಗೋಲ್ ಬೇಕು ಅಂತ ನಾನೇನೂ ಕೇಳಿಲ್ಲ ಕಣೇ" ಅಂದಳು.

"ಬೇಕಾದ್ರೆ ತಗೋ ಹೋಗು! ಬಲೆ ಸಮೇತ ಮನೆಗೆ ಹೊತ್ಕೊಂಡು ಹೋಗು!" ಅಂತ ಚೂಟಿ ಸಿಡುಕಿದಳು.

ಮೊದಲೆಲ್ಲ ಅವಳು ಹೀಗೆ ಸಿಡುಕುವವಳಲ್ಲ. ಚೂಟಿ ಅನ್ನುವ ಹೆಸರು ಇಟ್ಟಿದ್ದು ಅಜ್ಜಿ. ಅಂಬೆಗಾಲಿಡುವಾಗಲೇ ಒಂದು ಕಡೆ ಕೂರದ ಮಗು ಅದು. ಈಗ ನೋಡಿದರೆ ಬೆಂಚಿನ ಮೇಲೆ ಕೂತ ಕೂಡಲೇ ತಲೆ ತೂಗುತ್ತದೆ. ನಿನ್ನೆ ಕಲಿತ ಗುಣಾಕಾರ ಇವತ್ತು ಕೇಳಿದರೆ ಪಕ್ಕದ ಮನೆಯದ್ದು ಅನ್ನಿಸುತ್ತದೆ. ಮೊನ್ನೆ ಒಂದು ರಬ್ಬರಿಗಾಗಿ ಪೆನ್ಸಿಲ್ ಜೊತೆ ಜಗಳ ಆಡಿದ್ದಳು, ಆಮೇಲೆ ಆ ರಬ್ಬರು ಚೂಟಿಯ ಜೇಬಿನಲ್ಲೇ ಸಿಕ್ಕಿತ್ತು.

ಅವತ್ತು ಕೊನೆಯ ಪೀರಿಯಡ್ ವಿಜ್ಞಾನ. ಮಿಸ್ ಏನೋ ಹೇಳುತ್ತಿದ್ದರು. ಚೂಟಿ ಕೈಯ ಮೇಲೆ ಗಲ್ಲ ಇಟ್ಟಳು. ಗಲ್ಲ ಜಾರಿತು. ಮತ್ತೆ ಎಚ್ಚರವಾದಾಗ ಕೇಳಿಸಿದ್ದು ಅರ್ಧ ಮಾತು: "...ಅದಕ್ಕೇ ನಿದ್ದೇನ ಯಾರೂ ಸೋಮಾರಿತನ ಅನ್ಕೋಬೇಡಿ." ಅಷ್ಟರಲ್ಲಿ ಬೆಲ್ ಹೊಡೆಯಿತು.

ನಿದ್ದೆಯ ಪಾಠದಲ್ಲೇ ನಿದ್ದೆ ಮಾಡಿದ್ದೆ ಅಂತ ಗೊತ್ತಾಗಿ ಚೂಟಿಗೆ ನಾಚಿಕೆಯಾಯಿತು. ಆದರೂ ಬಿಡಲಿಲ್ಲ. ಜಗಳ ಮರೆತು ಪೆನ್ಸಿಲ್‌ಳ ಬ್ಯಾಗು ಹಿಡಿದು ಎಳೆದಳು. "ಮಿಸ್ ಏನು ಹೇಳಿದ್ರೇ? ಪೂರ್ತಿ ಹೇಳು."

"ಗಾಢವಾಗಿ ನಿದ್ದೆ ಬಂದಾಗ ನಮ್ಮನ್ನ ಬೆಳೆಸೋ ಹಾರ್ಮೋನು ಜಾಸ್ತಿ ಬರತ್ತಂತೆ. ಹಗಲು ಓದಿದ್ದನ್ನ ಮಿದುಳು ಆಗ್ಲೇ ಜೋಡಿಸಿ ಇಟ್ಕೊಳತ್ತಂತೆ. ನಮ್ಮ ವಯಸ್ಸಿಗೆ ಒಂಬತ್ತು ಗಂಟೆಗಿಂತ ಕಡಿಮೆ ಆಗ್ಬಾರದಂತೆ." ಪೆನ್ಸಿಲ್ ಬೇರೆ ಕಡೆ ನೋಡುತ್ತಾ ಮುಂದುವರಿಸಿದಳು. "ನಿದ್ದೆ ಸಾಲ್ದಿದ್ರೆ ಸುಮ್‌ಸುಮ್ನೆ ಸಿಟ್ಟೂ ಬರತ್ತಂತೆ."

"ನಂಗೇನೂ ಸಿಟ್ಟು ಬರಲ್ಲ!" ಅಂತ ಚೂಟಿ ಕಿರುಚಿದಳು.

ದಾರಿಯುದ್ದಕ್ಕೂ ಯೋಚಿಸಿದಳು. ಒಂಬತ್ತು ಗಂಟೆಯಂತೆ! ತಮ್ಮ ಮನೆಯಲ್ಲಿ ಹೇಗೆ ಸಾಧ್ಯ?

ಅವರದ್ದು ಒಂದು ಕೋಣೆ, ಒಂದು ಅಡುಗೆಮನೆ. ಅಪ್ಪ ಬೇಕರಿಯಲ್ಲಿ ಬ್ರೆಡ್ ಸುಡುವವನು. ಊರಿಗೆಲ್ಲ ಬೆಳಿಗ್ಗೆ ಬಿಸಿ ಬ್ರೆಡ್ ಬೇಕಲ್ಲ, ಹಾಗಾಗಿ ಅವನ ಕೆಲಸ ರಾತ್ರಿ. ಚೂಟಿ ಶಾಲೆಗೆ ಹೊರಡುವಾಗ ಅವನು ಮೈತುಂಬ ಹಿಟ್ಟು ಮಾಡಿಕೊಂಡು ಮನೆಗೆ ಬರುತ್ತಾನೆ. ಸ್ನಾನ ಮಾಡಿ, ತಿಂದು ಮಲಗಿದರೆ ಸಂಜೆವರೆಗೂ ನಿದ್ದೆ.

ಆಗ ಅಮ್ಮ ಹೊರಬಾಗಿಲಿಗೆ ಒಂದು ಕೆಂಪು ಟವೆಲ್ ನೇತುಹಾಕುತ್ತಾಳೆ. ಅದು ಕಂಡರೆ ಹಾಲಿನವನೂ ಬೆಲ್ ಒತ್ತುವುದಿಲ್ಲ. ಚಪ್ಪಲಿ ಕೈಯಲ್ಲಿ ಹಿಡಿದು ಒಳಗೆ ಬರಬೇಕು. ಕೆಮ್ಮು ಬಂದರೆ ಅಡುಗೆಮನೆಗೆ ಓಡಬೇಕು. ಯಾರಾದರೂ ಬಾಯಿ ತೆರೆದರೆ ಅಮ್ಮ ಬೆರಳು ತುಟಿಗಿಟ್ಟು, "ಶ್! ಅಪ್ಪ ಮಲಗಿದ್ದಾರೆ!" ಅನ್ನುತ್ತಾಳೆ. ಅಮ್ಮ ಟೈಲರ್. ಅವಳ ಹೊಲಿಗೆ ಮಷಿನ್ ಕೂಡ ಹಗಲೆಲ್ಲ ಬಾಯಿ ಮುಚ್ಚಿಕೊಂಡು ಕೂತಿರುತ್ತದೆ.

ಅಪ್ಪ ಕೆಲಸಕ್ಕೆ ಹೊರಟನೋ, ಮನೆಗೆ ಬಾಯಿ ಬರುತ್ತದೆ. ಹಗಲೆಲ್ಲ ತಡೆದಿಟ್ಟ ಸದ್ದೆಲ್ಲ ಒಟ್ಟಿಗೆ ಹೊರಗೆ! ಅಮ್ಮನ ಮಷಿನ್ ಗಡಗಡ ಓಡುತ್ತದೆ. ಸ್ವಲ್ಪ ಕಿವುಡಿಯಾದ ಅಜ್ಜಿ ಟಿವಿ ಸದ್ದು ಏರಿಸಿ ಧಾರಾವಾಹಿ ನೋಡುತ್ತಾಳೆ. ನಡುವೆ, ಅದೇ ಕೋಣೆಯಲ್ಲಿ, ಟ್ಯೂಬ್‌ಲೈಟಿನ ಕೆಳಗೆ ಚೂಟಿಯ ಹಾಸಿಗೆ. ಎಷ್ಟು ಹೊರಳಿದರೂ ನಿದ್ದೆ ಹತ್ತಿರ ಸುಳಿಯುವುದಿಲ್ಲ. ಹೇಗೆ ಸುಳಿದೀತು? ನಿದ್ದೆಗೂ ಕಿವಿ ಇದೆಯಲ್ಲ.

ಅವತ್ತು ಸಂಜೆ ಅಪ್ಪ ಎದ್ದ. ಊಟ ಮಾಡಿದ. ಬಾಗಿಲ ಬಳಿ ಕೂತು ಶೂ ಲೇಸ್ ಕಟ್ಟಿಕೊಳ್ಳತೊಡಗಿದ. ಅಮ್ಮ ಮಷಿನ್ ಮೇಲಿನ ಬಟ್ಟೆ ಸರಿಸಿದಳು. ಅಜ್ಜಿ ರಿಮೋಟಿಗೆ ಕೈ ಹಾಕಿದಳು.

ಚೂಟಿ ಎದ್ದಳು. ಮಡಚಿಟ್ಟಿದ್ದ ಕೆಂಪು ಟವೆಲನ್ನು ತೆಗೆದು ಹೊರಬಾಗಿಲಿಗೆ ನೇತುಹಾಕಿದಳು. ಟಿವಿಯ ಪ್ಲಗ್ ಕಿತ್ತಳು. ಮಷಿನ್ ಮುಂದಿನ ಸ್ಟೂಲಿನ ಮೇಲೆ ಕೈಕಟ್ಟಿ ಕೂತುಬಿಟ್ಟಳು.

"ಶ್!" ಅಂದಳು. "ಚೂಟಿ ಮಲಗಿದ್ದಾಳೆ!"

"ಏನಂತೆ ಅವಳದ್ದು?" ಅಂದಳು ಅಜ್ಜಿ.

"ತಲೆಹರಟೆ, ಅತ್ತೆ" ಅಂದಳು ಅಮ್ಮ. "ಏ, ಏಳೇ ಮೇಲೆ. ನಾಳೆಗೆ ಎರಡು ಯೂನಿಫಾರ್ಮ್ ಕೊಡ್ಬೇಕು ನಾನು."

"ಏಳಲ್ಲ. ಅಪ್ಪ ಮಲಗಿದ್ರೆ ಮನೇಲಿ ಸೂಜಿ ಬೀಳೋ ಹಾಗಿಲ್ಲ. ನಾನು ಮಲಗಿದ್ರೆ ಮಷಿನ್ನು, ಟಿವಿ, ಲೈಟು ಎಲ್ಲಾ ಇರತ್ತೆ. ಯಾಕೆ? ನಂದು ನಿದ್ದೆ ಅಲ್ವಾ?"

"ಅಪ್ಪ ರಾತ್ರಿಯೆಲ್ಲ ಓವನ್ ಮುಂದೆ ನಿಂತು ದುಡೀತಾರೆ ಕಣೇ. ನೀನೇನು ದುಡೀತೀಯ?"

"ನಾನು ಬೆಳೀತಿದ್ದೀನಿ!" ಚೂಟಿಯ ದನಿ ಏರಿತು. "ಬೆಳೆಯೋದು ಕೆಲಸ ಅಲ್ವಾ? ಮಕ್ಕಳು ಬೆಳೆಯೋಕೆ ನಿದ್ದೆ ಬೇಕು ಅಂತ ಮಿಸ್ಸೇ ಹೇಳಿದ್ದಾರೆ. ನಂಗೆ ಕ್ಲಾಸಲ್ಲಿ ಏನೂ ತಲೆಗೆ ಹೋಗಲ್ಲ. ಸುಮ್ನೆ ಪೆನ್ಸಿಲ್ ಮೇಲೆ ಕೂಗಾಡ್ತೀನಿ. ಶುಕ್ರವಾರ ನನ್ನನ್ನ ಗೋಲಿಂದ ತೆಗೀತಾರೆ. ರಾತ್ರಿ ಮೊಬೈಲ್ ನೋಡ್ತೀಯ ಅಂತ ಎಲ್ಲರೆದುರಿಗೆ ಬೈದ್ರು. ನಾನು ನೋಡಿದ್ನಾ ಮೊಬೈಲು? ಹೇಳು!"

ಅಪ್ಪನ ಕೈಯಲ್ಲಿ ಲೇಸು ಹಾಗೇ ಉಳಿಯಿತು.

"ಹಾಗಾದ್ರೆ ನಾನು ಯಾವಾಗ ಹೊಲೀಲಿ?" ಅಂದಳು ಅಮ್ಮ. ಸಿಟ್ಟಿನಿಂದಲ್ಲ. ನಿಜವಾಗಿಯೂ ಕೇಳಿದಳು. "ಹಗಲು ಅವರಿಗೆ, ರಾತ್ರಿ ನಿಂಗೆ. ನಂಗೆ ಯಾವ ಹೊತ್ತು ಉಳೀತು?"

ಚೂಟಿ ಸ್ಟೂಲಿನಿಂದ ಅರ್ಧ ಎದ್ದು ಅಪ್ಪನ ಕಡೆ ನೋಡಿದಳು.

"ಹಗಲೇ ಹೊಲಿ" ಅಂದ ಅಪ್ಪ.

"ನೀವು ಮಲಗಿರುವಾಗಲಾ? ಚೆನ್ನಾಗಿದೆ!"

ಅಪ್ಪ ಕತ್ತು ಕೆರೆದುಕೊಂಡ. "ಬೇಕರಿಯಲ್ಲಿ ಹಿಟ್ಟು ಕಲಸೋ ಮಷಿನ್ ಇದೆಯಲ್ಲ, ಆನೆ ಗಾತ್ರದ್ದು. ಬಿಡುವು ಸಿಕ್ಕಾಗ ಅದರ ಪಕ್ಕದಲ್ಲೇ ಗೋಣಿ ಹಾಸ್ಕೊಂಡು ತೂಕಡಿಸ್ತೀನಿ. ಮಷಿನ್ ಸದ್ದು ನಂಗೆ ಜೋಗುಳ ಇದ್ದ ಹಾಗೆ. ನಂಗೆ ಎಚ್ಚರ ಆಗೋದು ನಿನ್ನ ಇನ್ನೊಂದು ಸದ್ದಿಗೆ."

"ನನ್ನ ಯಾವ ಸದ್ದಿಗೆ?"

"ಅದೇ... 'ಶ್' ಅಂತೀಯಲ್ಲ."

ಅಮ್ಮ ಬಾಯಿ ಬಿಟ್ಟು ನೋಡಿದಳು.

"ಓವನ್‌ನಲ್ಲಿ ಗ್ಯಾಸ್ ಸೋರಿದ್ರೆ ಅದೇ ಥರ 'ಶ್' ಅನ್ನತ್ತೆ. ನಮಗೆಲ್ಲಾ ಆ ಸದ್ದಿಗೆ ನಿದ್ದೇಲೂ ಕಿವಿ ನೆಟ್ಟಗಾಗತ್ತೆ. ನೀನು 'ಶ್' ಅಂದಾಗೆಲ್ಲಾ ನಂಗೆ ಎದೆ ಧಸಕ್ ಅನ್ನತ್ತೆ."

"ಮತ್ತೆ ಇಷ್ಟು ವರ್ಷ ಯಾಕ್ರೀ ಹೇಳ್ಲಿಲ್ಲ?"

"ನನಗೋಸ್ಕರ ಅಷ್ಟು ಕಷ್ಟಪಟ್ಟು ಮನೇನ ಸುಮ್ಮನಿರಿಸ್ತೀಯ. ಬೇಜಾರು ಮಾಡ್ಕೋತೀಯೇನೋ ಅಂತ..."

ಅಮ್ಮನಿಗೆ ಮೊದಲು ನಗು ಬಂತು. ನಕ್ಕು ನಕ್ಕು ಸಾಕಾಗಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಒರೆಸಿಕೊಂಡಿದ್ದು ನಗುವಿನ ನೀರೇನಾ ಅಂತ ಚೂಟಿಗೆ ಸಂಶಯ ಬಂತು. ಎಷ್ಟೊಂದು ರಾತ್ರಿ ಕಣ್ಣು ಕಿರಿದು ಮಾಡಿಕೊಂಡು ದಾರ ಪೋಣಿಸಿದ್ದಳು ಅಮ್ಮ! ಎಲ್ಲ ಹಗಲಲ್ಲೇ ಆಗಬಹುದಿತ್ತು.

"ಅದೆಲ್ಲಾ ಇರ್ಲಿ, ನನ್ನ ಧಾರಾವಾಹಿ ಏನಾಗ್ಬೇಕು?" ಅಂದಳು ಅಜ್ಜಿ.

ಅಜ್ಜಿಗೆ ಇಯರ್‌ಫೋನ್ ಬಂತು. ಅದರಿಂದ ಒಂದು ತೊಂದರೆ ತಪ್ಪಿ ಇನ್ನೊಂದು ಶುರುವಾಯಿತು. ತನ್ನ ದನಿ ತನಗೇ ಕೇಳದ ಅಜ್ಜಿ ಕತ್ತಲಲ್ಲಿ ಥಟ್ಟನೆ, "ಅಯ್ಯೋ, ಅವಳನ್ನ ನಂಬಬೇಡವೇ, ಮನೆಹಾಳಿ!" ಅಂತ ಕೂಗುತ್ತಿದ್ದಳು. "ಅಜ್ಜೀ!" ಅಂತ ಚೂಟಿ ಅದಕ್ಕಿಂತ ಜೋರಾಗಿ ಕೂಗುತ್ತಿದ್ದಳು. ಕೊನೆಗೆ ಧಾರಾವಾಹಿ ಬೆಳಿಗ್ಗೆ ಮತ್ತೆ ಬರುತ್ತದೆ ಅಂತ ಪತ್ತೆ ಮಾಡಿದ್ದೂ ಚೂಟಿಯೇ.

ಹಗಲಿನ ಹೊಲಿಗೆ ಮೊದಲ ದಿನ ಅಮ್ಮನಿಗೆ ಒಗ್ಗಲೇ ಇಲ್ಲ. ಕಳ್ಳಿಯ ಹಾಗೆ ಪೆಡಲ್ ಮೇಲೆ ಕಾಲಿಡುವುದು, ನಿಲ್ಲಿಸುವುದು, ಅಪ್ಪನ ಕಡೆ ನೋಡುವುದು. ಅಪ್ಪ ಗೊರಕೆ ಹೊಡೆಯುತ್ತಲೇ ಇದ್ದ. ಮಷಿನ್ ನಿಂತಾಗ ಮಾತ್ರ ಒಮ್ಮೆ ಮಗ್ಗುಲು ಬದಲಿಸಿದ. ಆಮೇಲೆ ಅಮ್ಮನಿಗೆ ಧೈರ್ಯ ಬಂತು.

ಶುಕ್ರವಾರ ಬಂತು. ಅಷ್ಟರಲ್ಲಿ ಚೂಟಿಗೆ ಮೂರು ರಾತ್ರಿಯ ನಿದ್ದೆ ಸಿಕ್ಕಿತ್ತು. ಅವಳೇನೂ ಹುಲಿಯಾಗಿಬಿಡಲಿಲ್ಲ. ಮೊದಲ ಚೆಂಡೇ ಕೈತಪ್ಪಿ ಒಳಗೆ ಹೋಯಿತು. ಆದರೆ ಈ ಸಲ ಅದು ಬರುವುದು ಕಂಡಿತ್ತು. ಎರಡನೆಯದನ್ನು ಮೊಣಕಾಲಿನಿಂದ ತಡೆದಳು. ಮೂರನೆಯದರ ಮೇಲೆ ಹಾರಿ ಬಿದ್ದು ಮೊಣಕೈ ತರಚಿಕೊಂಡಳು. ಚೆಂಡು ಬಿಡಲಿಲ್ಲ.

"ಪರವಾಗಿಲ್ವೇ! ಮೊಬೈಲ್ ಬಿಟ್ಟಿದ್ದು ಒಳ್ಳೇದಾಯ್ತು ನೋಡು" ಅಂದರು ಪಿಟಿ ಸರ್.

ಟೀಮಿನಲ್ಲಿ ಹೆಸರು ಬಂದಾಗಿತ್ತು. ಸುಮ್ಮನಿದ್ದರೆ ಆಗುತ್ತಿತ್ತು. ಆದರೆ ಚೂಟಿ ಸುಮ್ಮನಿರುವ ಜಾತಿಯಲ್ಲ.

"ಮೊಬೈಲ್ ನಾನು ಹಿಡಿದೇ ಇರ್ಲಿಲ್ಲ ಸರ್. ನಮ್ಮನೇಲಿ ಮಲಗೋಕೆ ಆಗ್ತಿರ್ಲಿಲ್ಲ. ಈಗ ಆಗ್ತಿದೆ."

ಸರ್ ಅವಳನ್ನೇ ನೋಡಿದರು. "ಹೌದಾ? ನಾನು ಕೇಳ್ಬೇಕಿತ್ತು" ಅಂದರು. ಪೆನ್ಸಿಲ್ ಹಿಂದಿನಿಂದ ಅವಳ ಬೆನ್ನಿಗೆ ಒಂದು ಗುದ್ದು ಕೊಟ್ಟಳು. ಅದು ಖುಷಿಯ ಗುದ್ದು.

ಭಾನುವಾರ ಮಧ್ಯಾಹ್ನ ಚೂಟಿ ಹೊರಗೆ ಆಡಿ ನೀರು ಕುಡಿಯಲು ಬಂದಳು. ಹಿಂದಿನ ರಾತ್ರಿ ಬೇಕರಿಗೆ ರಜೆ ಇದ್ದುದರಿಂದ ಅಪ್ಪ ಅಜ್ಜಿಯನ್ನು ಕರೆದುಕೊಂಡು ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದ. ಮನೆಯಲ್ಲಿ ಮಷಿನ್ ಸದ್ದಿಲ್ಲ.

ಅಮ್ಮ ಸ್ಟೂಲಿನ ಮೇಲೆ ಕೂತ ಹಾಗೇ, ಅರ್ಧ ಹೊಲಿದ ತೋಳಿನ ಮೇಲೆ ಕೆನ್ನೆ ಇಟ್ಟು ಮಲಗಿಬಿಟ್ಟಿದ್ದಳು. ಬಾಯಿ ಸ್ವಲ್ಪ ತೆರೆದಿತ್ತು. ಕಣ್ಣಿನ ಕೆಳಗೆ ಕಪ್ಪಗಿತ್ತು. ಬೆರಳಿಗೆ ಇನ್ನೂ ದಾರ ಸುತ್ತಿಕೊಂಡಿತ್ತು.

ಚೂಟಿ ಲೋಟ ಹಿಡಿದು ನಿಂತಲ್ಲೇ ನಿಂತಳು. ಅಮ್ಮ ಮಲಗಿದ್ದನ್ನು ತಾನು ನೋಡಿದ್ದು ಯಾವಾಗ? ನೆನಪೇ ಆಗಲಿಲ್ಲ. ತಾನು ಮಲಗುವಾಗ ಅಮ್ಮ ಎದ್ದಿರುತ್ತಾಳೆ. ತಾನು ಏಳುವಾಗಲೂ ಎದ್ದಿರುತ್ತಾಳೆ. ಅಮ್ಮ ಅಂದರೆ ಎದ್ದಿರುವವಳು ಅಂತಲೇ ಅವಳು ಇಷ್ಟು ದಿನ ತಿಳಿದುಕೊಂಡಿದ್ದಳು. ಲೋಟವನ್ನು ಸದ್ದಾಗದಂತೆ ಕೆಳಗಿಟ್ಟಳು.

ಅಷ್ಟರಲ್ಲಿ ಹೊರಗೆ ಯಾರೋ ಬರುವ ಸದ್ದು. ಚೂಟಿ ಓಡಿ ಹೋಗಿ ಬಾಗಿಲನ್ನು ಹಿಂದಿನಿಂದ ಎಳೆದುಕೊಂಡು ಹೊರಗೆ ನಿಂತಳು. ಟೈ ಕಟ್ಟಿದ ಒಬ್ಬ ಅಂಕಲ್ ಕೈಯಲ್ಲಿ ಪ್ಯಾಂಟು ಹಿಡಿದು ಬಂದಿದ್ದರು.

"ಟೈಲರಮ್ಮ ಇದ್ದಾರಾ?"

"ಇದ್ದಾರೆ."

"ಸ್ವಲ್ಪ ಕರೆಯಮ್ಮಾ."

"ಆಗಲ್ಲ ಅಂಕಲ್. ಸಂಜೆ ಬನ್ನಿ."

"ಸಂಜೆ ನಾನು ಎಲ್ಲಿರ್ತೀನೋ! ಕಾಲು ಗಿಡ್ಡ ಮಾಡೋದಷ್ಟೇ. ಎರಡು ನಿಮಿಷದ ಕೆಲಸ."

ಅವರು ಒಂದು ಹೆಜ್ಜೆ ಮುಂದೆ ಇಟ್ಟರು. ಚೂಟಿ ಕದಲಲಿಲ್ಲ. ಅವರ ಟೈ ಅವಳ ಮೂಗಿನ ಮುಂದೆಯೇ ತೂಗುತ್ತಿತ್ತು.

"ದೊಡ್ಡವರು ಹೇಳಿದ್ರೆ ಕೇಳ್ಬೇಕಮ್ಮ. ಒಳಗೆ ಏನು ಮಾಡ್ತಿದ್ದಾರೆ ಅವರು?"

ಚೂಟಿ ತಲೆಯೆತ್ತಿದಳು. ಆ ಮನೆಯಲ್ಲಿ ಇದುವರೆಗೆ ಯಾರೂ ಆಡದ ಮಾತೊಂದನ್ನು ಮೆಲ್ಲಗೆ, ಆದರೆ ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು.

"ಅಮ್ಮ ಮಲಗಿದ್ದಾರೆ."