ಗಬ್ಬು ನಾರದ ನೀರು

ತಲೆ ಮೇಲೆ ಜೆಸಿಬಿ ಬಕೆಟ್ಟು. ಅದರ ತುಂಬ ಮಣ್ಣು. ಕೆಳಗೆ ಹೊಂಡದಲ್ಲಿ, ಸೊಂಟದವರೆಗೂ ಕೆಸರಲ್ಲಿ... ನಾನು!

ಲಿವರ್ ಹಿಡ್ಕೊಂಡು ಕೂತಿದ್ದೋರು ಯಾರು ಗೊತ್ತಾ? ನಮ್ಮ ಭಾವ. ಸ್ವಂತ ಅಕ್ಕನ ಗಂಡ.

ಆಪರೇಟರು, ಕೂಲಿಯವರು ಎಲ್ಲ ಊಟಕ್ಕೆ ಹೋಗಿದ್ರು. ಕೂಗಿದ್ರೂ ಕೇಳೋಕೆ ಒಂದು ನರಪಿಳ್ಳೆನೂ ಇರ್ಲಿಲ್ಲ.

ಸ್ವಲ್ಪ ಹಿಂದಕ್ಕೆ ಹೋಗ್ತೀನಿ. ಇಲ್ಲಾಂದ್ರೆ ನಿಮಗೆ ತಲೆಬುಡ ಅರ್ಥ ಆಗಲ್ಲ.

ಅದು ಹಳೇ ಪ್ಲೇಟಿಂಗ್ ಫ್ಯಾಕ್ಟರಿ ಜಾಗ. ಲೋಹಕ್ಕೆ ಹೊಳಪು ಕೊಡೋ ಕ್ರೋಮಿಯಂ ವರ್ಷಗಟ್ಟಲೆ ನೆಲಕ್ಕಿಳಿದು ಅಂತರ್ಜಲ ಸೇರಿತ್ತು. ಕಾಂಪೌಂಡ್ ಆಚೆ ಕಾಲೋನಿ. ಅಲ್ಲಿನ ಬೋರ್‌ವೆಲ್‌ಗೆ ಸೀಲ್ ಬಿದ್ದಿತ್ತು. ನಮ್ಮಕ್ಕನ ಮನೆಯೂ ಅಲ್ಲೇ. ನೆಲ ಕ್ಲೀನ್ ಮಾಡೋ ಕಾಂಟ್ರ್ಯಾಕ್ಟು ಭಾವನದು. ಕ್ಲೀನ್ ಆಗಿದೆ ಅಂತ ನೋಡಿ ಸೈನ್ ಹಾಕಬೇಕಾದ ಮಾಲಿನ್ಯ ಮಂಡಳಿ ಇನ್ಸ್‌ಪೆಕ್ಟರು ರಜೆ ಹಾಕಿದ್ದ. ಅವನ ಬದಲು ಅದೇ ಆಫೀಸಿನ ನಾನು ಬರ್ತೀನಿ ಅಂತ ಭಾವ ಕನಸಲ್ಲೂ ಎಣಿಸಿರ್ಲಿಲ್ಲ.

ಆ ವಿಷಕ್ಕೆ ಮದ್ದು ಏನು ಅಂತೀರಾ? ಕಾಕಂಬಿ! ಸಕ್ಕರೆ ಫ್ಯಾಕ್ಟರಿಯ ಕಪ್ಪು ಪಾಕ. ಕೊಳವೆಯಲ್ಲಿ ನೆಲಕ್ಕೆ ಕುಡಿಸ್ತಾರೆ. ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನ ತಿಂದು ಬೆಳೆದು ವಿಷದ ಹಲ್ಲು ಕೀಳ್ತಾವೆ. ಒಂದೇ ತೊಂದರೆ... ಆ ಕೆಲಸ ನಡೆಯೋವಾಗ ಪರೀಕ್ಷೆ ಬಾವಿಯ ನೀರು ಗಬ್ಬು ನಾರುತ್ತೆ. ನಾರಲೇಬೇಕು.

ಭಾವನ ಬಾವಿಯಿಂದ ನೀರೆತ್ತಿದೆ. ತಿಳಿಯೋ ತಿಳಿ. ಮೂಸಿದೆ.

ಕ್ಲೋರಿನ್!

ನಲ್ಲಿ ನೀರು ತಂದು ಸುರಿದಿದ್ರು ಪುಣ್ಯಾತ್ಮರು. ಹಠಕ್ಕೆ ಬಿದ್ದು ಎತ್ತುತ್ತಾ ಹೋದೆ. ಸುರಿದದ್ದೆಲ್ಲ ಖಾಲಿ ಆದ್ಮೇಲೆ ನೆಲದ ಅಸಲಿ ನೀರು ಬಂತು. ಹಳದಿ. ಅಂದ್ರೆ ಕ್ರೋಮಿಯಂ ಹಾಗೇ ಇದೆ.

ತಿರುಗಿ ನೋಡಿದ್ರೆ ಭಾವ ನಿಂತಿದ್ರು.

"ಕಾಕಂಬಿ ಎಲ್ಲಿ ಭಾವ?"

"ಕಳ್ಳಭಟ್ಟಿಯೋರಿಗೆ ಹೋಯ್ತು. ಸೈನ್ ಹಾಕು. ಮನೆಯೋನೇ ಅಲ್ವಾ ನೀನು?"

ಆಗಲ್ಲ ಅಂದೆ. ಅಷ್ಟೇ... ಕಬ್ಬಿಣದ ರಾಡ್ ಎತ್ಕೊಂಡ್ರು. ಡ್ರಮ್ಮುಗಳ ಸಂದಿಯಲ್ಲಿ ಓಡಿದೆ. ತಗಡಿನ ಶೆಡ್ ಸುತ್ತಿದೆ. ಕಾಲು ಜಾರ್ತು... ಧಡಾರ್! ಕೊಳಕು ಮಣ್ಣು ತೆಗೆದ ಹೊಂಡಕ್ಕೆ ಬಿದ್ದೆ. ಫೋನು ಕೆಸರು ಪಾಲು. ಮೇಲೆ ಜೆಸಿಬಿ ಸ್ಟಾರ್ಟ್ ಆಯ್ತು.

ಬಕೆಟ್ಟು ಇನ್ನೂ ಕೆಳಗೆ ಬಂತು. ಭಯ ಆಯ್ತು, ಸುಳ್ಳು ಯಾಕೆ ಹೇಳ್ಲಿ. ಆದ್ರೂ ಕೇಳಿದೆ.

"ಅಕ್ಕನಿಗೇನು ಕುಡಿಸ್ತೀರಾ?"

"ನಮ್ಮನೆಗೆ ಕ್ಯಾನ್ ನೀರು ಬರುತ್ತೆ. ನನ್ನ ಹೆಂಡ್ತಿನ ನಾನೇ ಸಾಯಿಸ್ತೀನಾ?"

ಆಹಾ, ಏನು ಪ್ರೀತಿ! ಮಿಕ್ಕ ಕಾಲೋನಿ ಹಾಳಾಗಿ ಹೋಗ್ಲಿ.

"ಕ್ಯಾನಿನೋನ್ನ ಅಕ್ಕ ಬೆಳಗ್ಗೆನೇ ವಾಪಸ್ ಕಳಿಸಿದಾಳೆ ಭಾವ. ನಾನಿಲ್ಲಿಗೆ ಬರೋವಾಗ ಫೋನ್ ಮಾಡಿದ್ಲು. ಸೈನ್ ಆಗೋಯ್ತು ಅಂತ ನೀವು ಹೇಳಿದ್ರಂತೆ. ಈಗ ಊಟದ ಹೊತ್ತಿಗೆ ಬೋರ್‌ವೆಲ್ ಸೀಲ್ ಕಿತ್ತು ಪಂಪ್ ಹಾಕ್ತಾರೆ. ನಮ್ಮನೆಯವರು ಕ್ಲೀನ್ ಮಾಡಿದ ನೀರು, ಮೊದಲ ಲೋಟ ನಂದೇ ಅಂತ ಬೀದಿಗೆಲ್ಲ ಸಾರಿದಾಳೆ."

ಸೈನ್ ಹಾಕಿಲ್ಲ ಕಣೇ ಅನ್ನೋಕೂ ಬಿಡದೆ ಫೋನ್ ಇಟ್ಟಿದ್ಲು. ನಮ್ಮಕ್ಕನ ಸ್ವಭಾವವೇ ಅಷ್ಟು.

ಬಕೆಟ್ಟು ನಿಂತುಬಿಡ್ತು. ಭಾವ ಫೋನ್ ಮಾಡಿದ್ರು. ಮತ್ತೆ ಮಾಡಿದ್ರು. ಅಕ್ಕ ಎತ್ತಲಿಲ್ಲ. ಮುಖ ಬಿಳಿಚಿಕೊಳ್ತು. ಎಂಜಿನ್ ಆಫ್ ಮಾಡಿ ಹೊಂಡಕ್ಕೆ ಹಗ್ಗ ಎಸೆದ್ರು.

ಇಬ್ಬರೂ ಬಿದ್ದಂಬೀಳ ಓಡಿದ್ವಿ. ಕಾಂಪೌಂಡ್ ಹಾರಿದ್ವಿ. ಪಂಪ್‌ಹೌಸ್ ಮುಂದೆ ಕಾಲೋನಿಗೆ ಕಾಲೋನಿಯೇ ಕೊಡ ಹಿಡಿದು ನಿಂತಿತ್ತು. ಅಕ್ಕನ ಕೈಯಲ್ಲಿ ಸ್ಟೀಲ್ ಲೋಟ. ತುಟಿ ಹತ್ರ!

ಕುಡೀಬೇಡ ಅಂತ ಕಿರುಚಿದೆ. ಕೆಸರು ಮೆತ್ತಿದ್ದ ನನ್ನನ್ನ ಮೇಲಿಂದ ಕೆಳಗೆ ನೋಡಿದ್ಲು.

"ಇವರು ಹೇಳ್ಲಿ. ಆಗ ಕೆಳಗಿಡ್ತೀನಿ."

ಭಾವ ಅತ್ತಿತ್ತ ನೋಡಿದ್ರು. ಸುತ್ತ ಅಷ್ಟು ಜನ. ಅಕ್ಕ ಲೋಟ ಎತ್ತಿದ್ಲು.

"ಇಡೇ ಅದನ್ನ... ನಾನು ಕ್ಲೀನ್ ಮಾಡಿಲ್ಲ."

ಕೊಡಗಳು ಒಂದೊಂದಾಗಿ ಕೆಳಗಿಳಿದವು. ಅಕ್ಕನ ಕಣ್ಣು ತುಂಬಿತ್ತು.

"ಇದನ್ನ ಎಲ್ಲಿ ಚೆಲ್ಲಲೋ?" ಅಂದ್ಲು.

"ಚೆಲ್ಲಬೇಡ. ಪೊಲೀಸ್ ಬರೋ ತನಕ ಇಟ್ಕೊಂಡಿರು."

"ಮತ್ತೆ ಇವರನ್ನ?"

"ಅವರನ್ನೂ ಅಷ್ಟೇ ಅಕ್ಕ... ಅಲ್ಲೀ ತನಕ ಇಟ್ಕೊಂಡಿರು."