ಸೊಪ್ಪಿನಡಿ ಬಚ್ಚಿಟ್ಟ ಹಲಗೆ

ಚಿರಂಜೀವಿ ಯಾವ ಹಲಗೆಯನ್ನಾದರೂ ಒಂದು ಕಣ್ಣು ಮುಚ್ಚಿ ನೋಡುತ್ತಾನೆ. ನೆಟ್ಟಗಿದೆಯೋ ಸೊಟ್ಟಗಿದೆಯೋ ಬಡಗಿಗೆ ಗೊತ್ತಾಗುವುದೇ ಹಾಗೆ. ನಮ್ಮ ರೇಷ್ಮೆಹುಳದ ಮನೆಯ ಸ್ಟ್ಯಾಂಡ್ ರಿಪೇರಿಗೆಂದು ಕೈವಾರದ ಅವನ ಅಂಗಡಿಗೆ ಹೋದ ದಿನ ನನ್ನನ್ನೂ ಹಾಗೇ ನೋಡಿದ. ಎಷ್ಟು ಕೊಬ್ಬು ಎಂದುಕೊಂಡು, ಅಳತೆ ಸರಿಯಾಯಿತೇ ಎಂದು ಕೇಳಿದೆ.

"ನೆಟ್ಟಗಿದ್ದೀರ. ಮೂಗು ಮಾತ್ರ ಸ್ವಲ್ಪ ಮೇಲಕ್ಕಿದೆ," ಎಂದ.

ಸುಳ್ಳೇಕೆ, ಆ ಮಾತಿಗೇ ಬಿದ್ದುಹೋದೆ.

ಮಂಗಳೂರು ಕಡೆಯ ಕಡಲತೀರದಲ್ಲಿ ಎರಡು ವರ್ಷ, ಅಲೆಯ ಮೇಲೆ ನಿಂತು ತೇಲುವ ಸರ್ಫಿಂಗ್ ಬೋರ್ಡು ರಿಪೇರಿ ಮಾಡಿ ಬಂದವನು ಅವನು. ಸ್ಕೇಟ್‌ಬೋರ್ಡ್ ಹುಟ್ಟಿದ್ದೇ ಸಮುದ್ರದ ಚಟದಿಂದ ಎಂದು ಹೇಳಿದವನೂ ಅವನೇ. ಅಮೆರಿಕದಲ್ಲಿ ಅಲೆ ಏಳದ ದಿನ ಸರ್ಫಿಂಗ್ ಹುಡುಗರು ಹಲಗೆಗೆ ಚಕ್ರ ಬಡಿದು ರಸ್ತೆಯಲ್ಲೇ ತೇಲಿದರಂತೆ, ಬರಿಗಾಲಲ್ಲಿ. ಎರಡು ತುದಿಯೂ ಒಂದೇ ಥರ ಇರುವ ಈಗಿನ ಡೆಕ್ಕುಗಳು, ಅಂದರೆ ಕಾಲಿಡುವ ಹಲಗೆಗಳು, ಅವನಿಗೆ ಹಿಡಿಸವು. ಹಳೇ ಕಾಲದ್ದು ಅಗಲ, ಮುಂದೆ ಚಪ್ಪಟೆ ಮೂಗು, ಹಿಂದೆ ಮೀನಿನ ಬಾಲ. ನಮ್ಮ ಸೀಮೆಗೆ ಸಮುದ್ರವಿಲ್ಲದಿದ್ದರೇನು, ಇಳಿಜಾರಿದೆ ಎಂದು ನಗುತ್ತಿದ್ದ.

ಆ ಇಳಿಜಾರಿನಲ್ಲಿ ನನ್ನ ಎರಡು ಬೆರಳು ಮಾತ್ರ ಹಿಡಿದು ಸ್ಕೇಟ್‌ಬೋರ್ಡ್ ಕಲಿಸಿದ. ಮೂರನೇ ವಾರ ಬಿದ್ದು ಮಣಿಕಟ್ಟು ಮುರಿದುಕೊಂಡೆ. ಕೆಂಚಾರ್ಲಹಳ್ಳಿಯಲ್ಲಿ ನಮ್ಮದು ಅಪ್ಪ ಇಲ್ಲದ ಮನೆ. ಅಮ್ಮ ಓಬಳಮ್ಮ ರೇಷ್ಮೆಹುಳು ಸಾಕಿಯೇ ನನ್ನನ್ನು ಓದಿಸಿದ್ದು. ನಮ್ಮಿಬ್ಬರ ವಿಷಯ ತಿಳಿದಾಗ ಅವಳು ಹೇಳಿದ್ದು ಇಷ್ಟು: ಈ ಬೆಳೆಯ ಗೂಡು ಶಿಡ್ಲಘಟ್ಟದ ಮಾರ್ಕೆಟ್ ಮುಟ್ಟಲಿ, ಅವನ ಮನೆಯವರನ್ನು ಕರೆಸುತ್ತೇನೆ. ಅಲ್ಲಿವರೆಗೆ ಆ ಚಕ್ರದ ಹಲಗೆ ಕಣ್ಣಿಗೆ ಬಿದ್ದರೆ ಮದುವೆಯ ಮಾತೇ ಇಲ್ಲ.

ಅಷ್ಟು ದಿನ ಕಾಯುವ ತಾಳ್ಮೆ ನನಗಿರಲಿಲ್ಲ. ಹಳೇ ಬಾಗಿಲಿನ ತೇಗದಲ್ಲಿ ಅವನು ನನಗೊಂದು ಡೆಕ್ ಕೊರೆದಿದ್ದ.

"ಗೆದ್ದಲು ಔಷಧಿ ಬಳಿದಿದೀನಿ ಹರಿತಾ. ಹುಳದ ಮನೆ ಹತ್ರಕ್ಕೂ ಒಯ್ಯಬೇಡ," ಎಂದ.

ಮರುದಿನ ಅವನಿಲ್ಲದಾಗ ಅಂಗಡಿಗೆ ಹೋಗಿ ಅದನ್ನು ಎತ್ತಿಕೊಂಡು ಬಂದೆ. ಅಂಗಳದಲ್ಲಿ ಅಮ್ಮನ ದನಿ ಕೇಳಿತು. ಗಾಬರಿಯಲ್ಲಿ ಸೊಪ್ಪಿನ ಕೋಣೆಗೆ ನುಗ್ಗಿ, ಒದ್ದೆ ಗೋಣಿಯ ಕೆಳಗೆ ಹಿಪ್ಪುನೇರಳೆ ಸೊಪ್ಪಿನ ರಾಶಿಯೊಳಗೆ ತುರುಕಿದೆ. ಐದು ನಿಮಿಷದ ಮಟ್ಟಿಗೆ ಎಂದುಕೊಂಡಿದ್ದೆ. ಅಷ್ಟರಲ್ಲಿ ಅಮ್ಮ ಹುಳದ ಮನೆಗೆ ಸುಣ್ಣ ತರಲು ನನ್ನನ್ನು ಚಿಂತಾಮಣಿಗೆ ಕಳಿಸಿದಳು. ವಾಪಸು ಬರುವಷ್ಟರಲ್ಲಿ ಮೇಲಿನ ಸೊಪ್ಪನ್ನೆಲ್ಲ ಹುಳುಗಳಿಗೆ ಹಾಕಿ ಆಗಿತ್ತು. ಹಲಗೆಯನ್ನು ಹಿತ್ತಲಿಗೆ ಸಾಗಿಸಿ, ಏನೂ ಆಗುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ನಾಲ್ಕನೇ ಜ್ವರ ಎದ್ದು, ಅಂದರೆ ಕೊನೆಯ ಪೊರೆ ಕಳಚಿ, ಇನ್ನೇನು ಹಣ್ಣಾಗಿ ಗೂಡು ಕಟ್ಟಬೇಕಿದ್ದ ಹುಳುಗಳು ಮರುದಿನ ಬೆಳಿಗ್ಗೆ ತಲೆ ಆಡಿಸುತ್ತ ಹಸಿರು ಕಕ್ಕುತ್ತಿದ್ದವು. ಮಧ್ಯಾಹ್ನಕ್ಕೆ ಒಂದೂ ಉಳಿಯಲಿಲ್ಲ. ಸೊಪ್ಪು ತಿನ್ನುವ ಸದ್ದು ನಿಂತು ಮನೆ ಬಿಕೋ ಎಂದಿತು. ಪಕ್ಕದ ಹೊಲದ ಬಯ್ಯಪ್ಪ ಟೊಮೆಟೊಗೆ ಹೊಡೆದ ಔಷಧಿಯೇ ಕಾರಣವೆಂದು ಅಮ್ಮ ಬೀದಿಯಲ್ಲಿ ನಿಂತು ಬೈದಳು, ಪೊಲೀಸ್ ಠಾಣೆಗೆ ಹೊರಟು ನಿಂತಳು. ನಾನು ಚಿರಂಜೀವಿಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿ ಅತ್ತೆ. ಅರ್ಧ ಗಂಟೆಯಲ್ಲಿ ಬಂದ.

"ಬಯ್ಯಪ್ಪನೋರ ತಪ್ಪಲ್ಲಮ್ಮ. ನನ್ನ ಹಲಗೆಗೆ ಬಳಿದಿದ್ದ ಗೆದ್ದಲು ಔಷಧಿಯಿಂದ ಆಗಿದ್ದು. ಅದು ಸೊಪ್ಪಲ್ಲಿತ್ತು."

ಅಮ್ಮ ಅವನ ಕಡೆ ತಿರುಗಿದಳು. "ಔಷಧಿ ಬಳಿದಿದ್ದು ಇವಳಿಗೆ ಹೇಳಿದ್ಯೇನಪ್ಪ?"

ಅವನು ನನ್ನನ್ನು ನೋಡಿದ. ಈ ಸಲ ಯಾವ ಕಣ್ಣನ್ನೂ ಮುಚ್ಚಲಿಲ್ಲ.

"ಇಲ್ಲಮ್ಮ. ಹೇಳಿರಲಿಲ್ಲ."

ಅವನೆಂದರೆ ನನಗೆ ಪ್ರಾಣ. ಆದರೂ ಬಾಯಿ ಬಿಡಲಿಲ್ಲ.

ಇನ್ನು ಈ ಹೊಸಿಲು ತುಳಿಯಬೇಡ ಎಂದು ಅಮ್ಮ ಹೇಳಿದಳು. ಅವನು ಹಿತ್ತಲಲ್ಲಿ ಒಬ್ಬನೇ ಗುಂಡಿ ತೋಡಿದ, ಸತ್ತ ಹುಳುಗಳನ್ನು ಬುಟ್ಟಿ ಬುಟ್ಟಿ ಸುರಿದು, ನಾನು ತಂದ ಸುಣ್ಣ ಹಾಕಿ ಮುಚ್ಚಿದ. ಹಲಗೆ ಎತ್ತಿಕೊಂಡು ಹೊರಡುವಾಗ, ಮುರಿದ ಕೈ ನೋಡಿಕೋ ಎಂದಷ್ಟೇ ಹೇಳಿದ. ಕೈವಾರದ ಬಸ್ಸು ತಿರುವು ದಾಟುವುದನ್ನು ನೋಡುತ್ತ ನಿಂತೆ. ಆಮೇಲೆ ಒಳಗೆ ಬಂದು ಎಲ್ಲ ಹೇಳಿದೆ.

ಅಮ್ಮ ಅಳಲೂ ಇಲ್ಲ, ಬೈಯಲೂ ಇಲ್ಲ.

"ಅವನು ನಿನ್ನ ಮುಖ ನೋಡ್ದಾಗ್ಲೇ ಗೊತ್ತಾಯ್ತು ಕಣೇ, ತಪ್ಪು ನಿಂದೇ ಅಂತ. ಅವನನ್ನ ಬರಬೇಡ ಅಂದಿದ್ದೂ ಅದಕ್ಕೇ. ಈಗ ಹೇಳ್ತಾಳೆ, ಈಗ ಹೇಳ್ತಾಳೆ ಅಂತ ಗುಂಡಿ ಮುಚ್ಚೋವರ್ಗೂ ಕಾದೆ."

ಅವನನ್ನು ವಾಪಸು ಕರೆಯಲೇ ಎಂದು ಕೇಳಿದೆ.

"ಕರಿ. ಯಾವ ಮುಖ ಇಟ್ಕೊಂಡು ಕರೀತೀಯೋ ನೋಡ್ಕೊ," ಎಂದು ಅಮ್ಮ ಪೊರಕೆ ಹಿಡಿದು, ಖಾಲಿ ಸ್ಟ್ಯಾಂಡುಗಳನ್ನು ಗುಡಿಸಲು ಹೋದಳು.